ಗರಸು ಮ್ಯಾಲ ಹಾಕ್ತಾರ್ರಿ: ಎರೆಮಣ್ಣಿನ ಹಿತ್ತಲಲ್ಲಿ ಐದು ಗುಂಡಿಗಳು

ಒಂದೂವರೆ ಅಡಿ ಇಳಿಯುವಷ್ಟರಲ್ಲಿ ವಾಸನೆ ಬಂತು. ಕೊಳೆತ ಮೊಟ್ಟೆಯ ವಾಸನೆ. ಗುಂಡಿ ತೋಡುತ್ತಿದ್ದ ಕಾಕಾ ಸಲಿಕೆ ನಿಲ್ಲಿಸಿ ಮೂಗು ಮುಚ್ಚಿಕೊಂಡರು. ಲಿಂಬೆ ಗಿಡವನ್ನು ಬುಡ ಹಿಡಿದು ಎತ್ತಿದೆ, ಏನೂ ಜೋರು ಬೇಕಾಗಲಿಲ್ಲ. ಒಂದು ವರ್ಷಕ್ಕೂ ಮೇಲ್ಪಟ್ಟ ಗಿಡ ಮೂಲಂಗಿ ಕಿತ್ತಷ್ಟು ಸಲೀಸಾಗಿ ಕೈಗೆ ಬಂತು. ಬೇರಿನ ಸಿಪ್ಪೆ ಬೆರಳಿಗೆ ಅಂಟಿ ಕಳಚಿತು. ಒಳಗೆ ದಾರದಂಥ ನಾರು ಮಾತ್ರ ಉಳಿದಿತ್ತು.

ಮಳೆ ನಿಂತು ಆಗಲೇ ಮೂರು ದಿನ. ಮೇಲಿನ ಮಣ್ಣು ಒಣಗಿ ಬಿಳಿಚಿತ್ತು. ಆದರೆ ಗುಂಡಿಯ ಅರ್ಧದಿಂದ ಕೆಳಗೆ ನೀರು ನಿಂತಿತ್ತು.

ಇದು 2022ರ ಸೆಪ್ಟೆಂಬರ್‌ನ ಮಾತು. ಹುಬ್ಬಳ್ಳಿ–ಧಾರವಾಡ ನಡುವಿನ ಒಂದು ಹೊಸ ಬಡಾವಣೆಯ ಮನೆ. ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬಿಟ್ಟಿದ್ದೇನೆ ಅಥವಾ ಬದಲಿಸಿದ್ದೇನೆ. ಯಜಮಾನರು ನಿವೃತ್ತ ಹೈಸ್ಕೂಲ್ ಶಿಕ್ಷಕರು, ಹಾಗಾಗಿ ಇಲ್ಲಿ ಅವರನ್ನು ಮಾಸ್ತರು ಅಂತಲೇ ಕರೆಯುತ್ತೇನೆ. ಮನೆಯಲ್ಲಿ ಅವರ ಹೆಂಡತಿ, ಮಗ, ಸೊಸೆ. ಮನೆ ಹಿತ್ತಲುಗಳಿಗೆ ಗಿಡದ ಸಲಹೆ ಕೊಡುತ್ತಾ ತಿರುಗುವುದು ನನ್ನ ಹವ್ಯಾಸ. ಈ ಪ್ರಕರಣದಲ್ಲಿ ದೊಡ್ಡ ತಪ್ಪು ಒಂದು ನನ್ನದೇ. ಅದನ್ನು ಮುಂದೆ ಹೇಳುತ್ತೇನೆ.

ಹಿನ್ನೆಲೆ

ಧಾರವಾಡ ಜಿಲ್ಲೆಯ ಮಣ್ಣು ಎರಡು ಥರ. ಪಶ್ಚಿಮಕ್ಕೆ ಕಲಘಟಗಿ, ಅಳ್ನಾವರದ ಕಡೆ ಹೋದರೆ ಕೆಂಪು. ಪೂರ್ವಕ್ಕೆ ನವಲಗುಂದ, ಅಣ್ಣಿಗೇರಿ ಕಡೆ ಹೋದರೆ ಕಣ್ಣು ಹಾಯುವಷ್ಟೂ ಎರೆ, ಅಂದರೆ ಕಪ್ಪು ಮಣ್ಣು. ಎರೆಮಣ್ಣಿನ ಗುಣ ಅದರ ಜೇಡಿಯಲ್ಲಿದೆ. ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಬೇಸಿಗೆಯಲ್ಲಿ ಬಿರುಕಿನೊಳಗೆ ಕೈ ಇಳಿಸಬಹುದು. ಮಳೆಗಾಲ ಹಿಡಿದ ಮೇಲೆ ಅದೇ ನೆಲ ರಬ್ಬರಿನ ಹಾಗೆ, ನೀರನ್ನು ಒಳಕ್ಕೇ ಬಿಡುವುದಿಲ್ಲ.

ಮಾಸ್ತರು ಹುಟ್ಟಿ ಬೆಳೆದದ್ದು ಪಶ್ಚಿಮದ ಮಸಾರಿ, ಅಂದರೆ ಕೆಂಪು ಮಣ್ಣಿನ ಊರಿನಲ್ಲಿ. ಮನೆ ಕಟ್ಟಿಸಿದ್ದು ಎರೆಯಲ್ಲಿ. ಮನೆ ಮುಗಿಯುತ್ತಿದ್ದಂತೆ ಹಿತ್ತಲಿನ 12 ಅಡಿ ಅಗಲದ ಪಟ್ಟಿ ನೋಡಿ ಅವರಿಗೆ ಸಮಾಧಾನವಿಲ್ಲ. "ಎರಿಯಾಗ ಹಣ್ಣಿನ ಗಿಡ ಬರೂದಿಲ್ರಿ" ಎಂದು ಅವರ ಗಟ್ಟಿ ನಂಬಿಕೆ. ಹಾಗಾಗಿ ಎರೆಯೊಳಗೇ ತಮ್ಮೂರಿನ ಮಣ್ಣಿನ ಐದು ತುಂಡುಗಳನ್ನು ಕೂರಿಸಲು ನಿರ್ಧರಿಸಿದರು.

2021ರ ಮೇನಲ್ಲಿ ಐದು ಗುಂಡಿ ತೆಗೆಸಿದರು. ಎಲ್ಲವೂ ಎರಡೂವರೆ ಅಡಿ ಉದ್ದ, ಅಗಲ, ಆಳ. ಅಡಿಗೆ 5 ಇಂಚು ಖಡಿ, ಅಂದರೆ ಬೆಂಗಳೂರಿನವರು ಹೇಳುವ ಜಲ್ಲಿ. ಅದರ ಮೇಲೆ 3 ಇಂಚು ಉಸುಕು. ಅದರ ಮೇಲೆ ಟ್ರ್ಯಾಕ್ಟರ್‌ನಲ್ಲಿ ತರಿಸಿದ ಕೆಂಪು ಮಣ್ಣು 16 ಇಂಚು. ಉಳಿದ ಅರ್ಧ ಅಡಿ ತಿಪ್ಪೆಗೊಬ್ಬರ ಬೆರೆಸಿದ ಮಣ್ಣು. ಪದರ ಪದರವಾಗಿ, ಅಳತೆ ಹಿಡಿದು. ಗುಂಡಿ ತುಂಬುವಾಗ ಅವರು ತೆಗೆದ ಫೋಟೋ ನನ್ನ ಹತ್ತಿರ ಇದೆ. ನೋಡೋಕೆ ಚೆಂದವೇ.

ಪಪ್ಪಾಯಿ, ಲಿಂಬೆ, ಕರಿಬೇವು, ಪೇರಲ, ಒಂದು ಆಪೂಸ್ ಮಾವಿನ ಕಸಿ. ಗುಂಡಿಗೊಂದು ಗಿಡ.

ಮೊದಲ ಮಳೆಗಾಲ

ಜುಲೈ ಮೂರನೇ ವಾರ ನಾಲ್ಕು ದಿನ ಬಿಡದೆ ಮಳೆ. ಐದನೇ ದಿನ ಪಪ್ಪಾಯಿಯ ಎಲೆಗಳು ಕೊಡೆ ಮಡಚಿದ ಹಾಗೆ ಜೋತುಬಿದ್ದವು. ವಾರದೊಳಗೆ ಗಿಡ ಬುಡದಲ್ಲೇ ಮೆತ್ತಗಾಗಿ ಮಲಗಿತು. ಪಪ್ಪಾಯಿಗೆ ನಿಂತ ನೀರು ಆಗಿಬರುವುದಿಲ್ಲ. ಎರಡು ಮೂರು ದಿನ ಬೇರು ನೀರಲ್ಲಿದ್ದರೆ ಸಾಕು, ಮುಗಿಯಿತು.

ಲಿಂಬೆ ಅಷ್ಟು ಬೇಗ ಸಾಯಲಿಲ್ಲ. ಹಳದಿಯಾಯಿತು. ಕರಿಬೇವು ಎಲೆ ಉದುರಿಸಿತು. ಆಪೂಸ್ ಅತ್ತ ಬೆಳೆಯಲೂ ಇಲ್ಲ, ಇತ್ತ ಸಾಯಲೂ ಇಲ್ಲ. ಪೇರಲ ಮಾತ್ರ ಏನೂ ಆಗೇ ಇಲ್ಲ ಅನ್ನುವ ಹಾಗೆ ಚಿಗುರುತ್ತಿತ್ತು.

ಈ ಪೇರಲ ಎಲ್ಲರನ್ನೂ ದಾರಿ ತಪ್ಪಿಸಿತು. ಐದೂ ಗುಂಡಿ ಒಂದೇ ಥರ, ಮಣ್ಣೂ ಒಂದೇ. ಒಂದು ಗಿಡ ಚೆನ್ನಾಗಿದೆ ಅಂದ ಮೇಲೆ ಗುಂಡಿಯಲ್ಲಿ ದೋಷವಿಲ್ಲ, ದೋಷ ಗಿಡದಲ್ಲೋ ರೋಗದಲ್ಲೋ ಇರಬೇಕು ಅಲ್ವಾ? ಹಾಗೆಂದೇ ಮನೆಯವರು ತಿಳಿದರು.

ಮಾಡಿ ನೋಡಿದ್ದು

ಅಕ್ಟೋಬರ್‌ನಲ್ಲಿ ಬಿಸಿಲು ಬಿದ್ದಾಗ ಲಿಂಬೆ ಮಧ್ಯಾಹ್ನ ಬಾಡತೊಡಗಿತು. ಬಾಡಿದೆ ಅಂದರೆ ನೀರು ಬೇಕು, ಮನೆಯವರ ಲೆಕ್ಕ ಇಷ್ಟೇ. ದಿನಕ್ಕೊಂದು ಬಕೆಟ್ ಹಾಕಿದರು. ಕೊಳೆತ ಬೇರು ನೀರು ಎಳೆಯಲಾರದು, ಆದ್ದರಿಂದ ನೀರಿನ ಮಧ್ಯೆ ನಿಂತೂ ಗಿಡ ಬಾಯಾರಿದ ಹಾಗೆ ಕಾಣುತ್ತದೆ. ಇದು ಗೊತ್ತಿಲ್ಲದಿದ್ದರೆ ಯಾರಾದರೂ ಅದನ್ನೇ ಮಾಡುತ್ತಾರೆ.

ಆಮೇಲೆ ಗಿಡ ಕೊಂಡ ಕಡೆ ವಿಚಾರಿಸಿದರು. ತಾಮ್ರದ ಆಕ್ಸಿಕ್ಲೋರೈಡ್ ಎಂಬ ಶಿಲೀಂಧ್ರನಾಶಕವನ್ನು ಬುಡಕ್ಕೆ ಸುರಿಯಲು ಹೇಳಿದರು. ಸುರಿದರು. ಎಲೆ ಹಳದಿ ಇದೆ ಅಂತ ಸಾರಜನಕ, ರಂಜಕ, ಪೊಟ್ಯಾಷ್ ಸಮವಾಗಿರುವ 19:19:19 ಗೊಬ್ಬರವನ್ನೂ ಕೊಟ್ಟರು. ಎರಡರಿಂದಲೂ ಹೇಳಿಕೊಳ್ಳುವಂಥದ್ದು ಏನೂ ಆಗಲಿಲ್ಲ.

2022ರ ಏಪ್ರಿಲ್ ಕೊನೆಗೆ ಮಾಸ್ತರು ನನಗೆ ಫೋನ್ ಮಾಡಿದರು. ಪರಿಚಯಸ್ಥರೊಬ್ಬರು ನಂಬರ್ ಕೊಟ್ಟಿದ್ದರಂತೆ. ಲಕ್ಷಣ ಕೇಳಿದೆ, ಫೋಟೋ ನೋಡಿದೆ. ನೀರು ನಿಲ್ಲುತ್ತಿದೆ ಅಂತ ಸರಿಯಾಗಿಯೇ ಊಹಿಸಿದೆ. ಆಮೇಲೆ, ಹೋಗಿ ನೋಡದೆ, ಮನೆಯಲ್ಲಿ ಕುರ್ಚಿ ಮೇಲೆ ಕೂತು ಹೇಳಿದೆ: "ಖಡಿ ಸಾಲದು. ಅಡಿಗೆ ಹತ್ತು ಇಂಚು ಹಾಕಿ."

ಅವರು ಪಪ್ಪಾಯಿ ಮತ್ತು ಲಿಂಬೆಯ ಗುಂಡಿಗಳನ್ನು ಬಿಚ್ಚಿ ಖಡಿಯನ್ನು 10 ಇಂಚು ಮಾಡಿದರು. ಗುಂಡಿಯ ಆಳ ಅಷ್ಟೇ ಇದ್ದುದರಿಂದ ಕೆಂಪು ಮಣ್ಣು 5 ಇಂಚು ಕಮ್ಮಿಯಾಯಿತು. ಅದೇ ಲಿಂಬೆಯನ್ನು ಮತ್ತೆ ನೆಟ್ಟರು, ಹೊಸ ಪಪ್ಪಾಯಿ ತಂದರು. ಈ ಸಲ ಪಪ್ಪಾಯಿ ಜುಲೈ ಮೊದಲ ವಾರದಲ್ಲೇ ಹೋಯಿತು. ಹಿಂದಿನ ವರ್ಷಕ್ಕಿಂತ ಎರಡು ವಾರ ಮುಂಚೆ. ಖಡಿ ಜಾಸ್ತಿ ಹಾಕಿದ್ದಕ್ಕೆ ಸಿಕ್ಕ ಬಹುಮಾನ.

ಸೆಪ್ಟೆಂಬರ್‌ನಲ್ಲಿ ಮಾಸ್ತರು ಮತ್ತೆ ಫೋನ್ ಮಾಡಿದರು. ಬೈಯಲಿಲ್ಲ. "ಒಮ್ಮೆ ಬಂದು ನೋಡಿ ಹೋಗ್ರಿ" ಎಂದರು ಅಷ್ಟೇ. ಬೈದಿದ್ದರೆ ಮೇಲಿತ್ತು.

ಕಾಕಾ ಹೇಳಿದ ಮಾತು

ಆ ದಿನ ಗುಂಡಿ ತೋಡಲು ಬಂದಿದ್ದವರು ಕೊಪ್ಪಳ ಕಡೆಯವರು. ಅರವತ್ತರ ಮೇಲೆ ವಯಸ್ಸು. ಎಲ್ಲರೂ ಅವರನ್ನು ಕಾಕಾ ಅನ್ನುತ್ತಿದ್ದರು. ವಾಸನೆಗೆ ಹಿಂದೆ ಸರಿದವರು ಮತ್ತೆ ಇಳಿದು ಖಡಿ ತನಕ ತೋಡಿದರು. ಖಡಿಯ ಸಂದಿಯಲ್ಲೆಲ್ಲ ಕಪ್ಪು ನೀರು. ಗುಂಡಿಯ ಗೋಡೆಯನ್ನು ನಾನು ಕೈಯಿಂದ ಸವರಿದೆ. ಸಲಿಕೆ ಉಜ್ಜಿದ ಕಡೆ ಎರೆ ನುಣುಪಾಗಿ, ಗಿಲಾವು ಮಾಡಿದ ಗೋಡೆಯ ಹಾಗೆ ಹೊಳೆಯುತ್ತಿತ್ತು. ಕೆಂಪು ಮಣ್ಣಿನಲ್ಲಿ ಬಂದ ಒಂದೆರಡು ಬೇರು ಆ ಗೋಡೆಗೆ ಮುಟ್ಟಿ, ಒಳಗೆ ಹೋಗದೆ, ಗೋಡೆಗುಂಟ ಸುತ್ತಿಕೊಂಡಿದ್ದವು. ಕುಂಡದಲ್ಲಿ ಬೆಳೆದ ಗಿಡದ ಬೇರಿನ ಹಾಗೆ.

ಮಾಸ್ತರು ಕೇಳಿದರು: "ಅಲ್ರಿ, ಖಡಿ ಹಾಕಿದ್ದು ನೀರು ಇಳೀಲಿ ಅಂತನ ಅಲ್ಲೇನ್ರಿ?"

ನಾನು ಉತ್ತರಕ್ಕೆ ತಡಕಾಡುತ್ತಿದ್ದಾಗ ಕಾಕಾ ಬೀಡಿ ಹಚ್ಚುತ್ತಾ ಹೇಳಿದರು: "ನಮ್ಮ ಕಡೆ ಗರಸು ಎರಿ ಮ್ಯಾಲ ಹಾಕ್ತಾರ್ರಿ. ಕೆಳಗ ಹಾಕಿದ್ದು ಇಲ್ಲೇ ನೋಡಿದ್ನಿ."

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಕೊಪ್ಪಳ, ಗದಗ ಭಾಗದ ರೈತರು ಹಳ್ಳದ ಗರಸನ್ನು, ಅಂದರೆ ಹರಳು ಬೆರೆತ ಉಸುಕನ್ನು ತಂದು ಎರೆಹೊಲದ ಮೇಲೆ ಹರಡುತ್ತಾರೆ. ಬಿದ್ದ ಮಳೆ ಹರಿದು ಹೋಗದೆ ಆ ಗರಸಿನೊಳಗೆ ಇಳಿದು ನಿಧಾನಕ್ಕೆ ಎರೆಗೆ ಸೇರುತ್ತದೆ. ಬಿಸಿಲು ಬಿದ್ದಾಗ ಕೆಳಗಿನ ತೇವ ಗರಸು ದಾಟಿ ಮೇಲೆ ಬರಲಾರದು. ಎರಡು ಮಣ್ಣಿನ ಗಡಿಯಲ್ಲಿ ನೀರು ತಡೆಯುತ್ತದೆ ಎನ್ನುವುದನ್ನು ಅವರು ತಮಗೆ ಬೇಕಾದ ಹಾಗೆ ಬಳಸಿಕೊಂಡಿದ್ದಾರೆ. ನಾವು ಅದೇ ಗಡಿಯನ್ನು ಬೇರಿನ ಕೆಳಗೆ ಕಟ್ಟಿ, ನೀರು ಯಾಕೆ ನಿಲ್ಲುತ್ತದೆ ಅಂತ ಕೇಳುತ್ತಿದ್ದೆವು.

ಅಲ್ಲಿಂದ ನಾನು ಊಹೆ ಬಿಟ್ಟೆ, ಅಳತೆ ಹಿಡಿದೆ.

ಅಳೆದಾಗ ಕಂಡದ್ದು

ಮೊದಲು ಗುಂಡಿಯ ಹೊರಗೆ, ಎರೆಯಲ್ಲೇ ಒಂದು ಅಡಿ ಆಳದ ತೂತು ತೋಡಿ ನೀರು ತುಂಬಿದೆವು. ನೆಲ ಮೊದಲೇ ಮಳೆ ಕುಡಿದಿತ್ತು. ಸಂಜೆ ಏಳಕ್ಕೆ ತುಂಬಿದ್ದು, ಬೆಳಿಗ್ಗೆ ಏಳಕ್ಕೆ ನೋಡಿದರೆ ಒಂದೇ ಇಂಚು ಇಳಿದಿತ್ತು. ಹಣ್ಣಿನ ಗಿಡಕ್ಕೆ ಗಂಟೆಗೆ ಒಂದು ಇಂಚು ಇಳಿದರೆ ನೆಮ್ಮದಿ. ಇಲ್ಲಿ ಹನ್ನೆರಡು ಗಂಟೆ.

ಆಮೇಲೆ ಆಪೂಸ್ ಗುಂಡಿಯ ಅಂಚಿನಲ್ಲಿ ತೂತು ಕೊರೆದ ಪಿವಿಸಿ ಪೈಪ್ ಒಂದನ್ನು ಅಡಿ ಮುಟ್ಟುವ ಹಾಗೆ ಇಳಿಸಿದೆವು. ಬಾವಿಗೆ ಕೋಲು ಬಿಟ್ಟ ಹಾಗೆ ಕೋಲು ಬಿಟ್ಟು ನೋಡಿದರೆ ಅಡಿಯಿಂದ 11 ಇಂಚು ನೀರು. ಖಡಿ, ಉಸುಕು ಮುಳುಗಿ ಮೂರು ಇಂಚು ಮೇಲಕ್ಕೆ.

ಅಂದರೆ ಇಲ್ಲಿ ತೊಂದರೆ ಒಂದಲ್ಲ, ಎರಡು. ಒಂದು, ಗುಂಡಿಯೇ ಒಂದು ತೊಟ್ಟಿ. ಮೇನಲ್ಲಿ ತೋಡಿದಾಗ ಸುತ್ತಲಿನ ಎರೆ ಬಿರಿದಿತ್ತು. ಮೊದಲ ಮಳೆಯ ನೀರು ಬಿರುಕುಗುಂಟ ಬಂದು ಸಡಿಲ ಮಣ್ಣಿದ್ದ ಗುಂಡಿಗೇ ಸೇರಿತು. ಆಮೇಲೆ ಎರೆ ಉಬ್ಬಿ ಬಿರುಕು ಮುಚ್ಚಿಕೊಂಡಿತು. ಬಂದ ದಾರಿ ಬಂದ್. ಖಡಿ ಹಾಕಿದ್ದರಿಂದ ತೊಟ್ಟಿಗೆ ತೂತು ಬೀಳುವುದಿಲ್ಲ, ತೊಟ್ಟಿಯಲ್ಲಿ ಕಲ್ಲು ಇರುತ್ತದೆ ಅಷ್ಟೇ.

ಎರಡನೆಯದು ಇದಕ್ಕಿಂತ ಸೂಕ್ಷ್ಮ. ಕೆಳಗೆ ನೀರಿಗೆ ದಾರಿ ಇದ್ದರೂ ಸಣ್ಣ ಕಣದ ಮಣ್ಣಿನ ನೀರು ದಪ್ಪ ಖಡಿಗೆ ಸುಲಭಕ್ಕೆ ಇಳಿಯುವುದಿಲ್ಲ. ಇದನ್ನು ಮಾಸ್ತರಿಗೆ ಒಪ್ಪಿಸುವುದು ಕಷ್ಟವಾಯಿತು. "ಜರಡಿ ಮ್ಯಾಲ ನೀರು ನಿಲ್ಲತದೇನ್ರಿ?" ಎಂದು ವಿಜ್ಞಾನದ ಮಾಸ್ತರು ನನ್ನನ್ನೇ ತಡೆದರು.

ತಂತಿ ಮೇಲೆ ಅವರ ಧೋತರ ಒಣಗುತ್ತಿತ್ತು. ಅದನ್ನೇ ತೋರಿಸಿದೆ. ಹಿಂಡದೆ ಹಾಕಿದ ಧೋತರದಿಂದ ಸ್ವಲ್ಪ ಹೊತ್ತು ನೀರು ತೊಟ್ಟಿಕ್ಕುತ್ತದೆ, ಆಮೇಲೆ ನಿಲ್ಲುತ್ತದೆ. ಆಗ ಮೇಲೆ ಮುಟ್ಟಿದರೆ ಬರೀ ತೇವ. ಕೆಳಗಿನ ಅಂಚು ಮುಟ್ಟಿದರೆ ನೀರೇ ನೀರು. ಅದರ ಕೆಳಗೆ ಇರುವುದು ಬರೀ ಗಾಳಿ, ತಡೆಯುವುದು ಏನೂ ಇಲ್ಲ. ಆದರೂ ನೀರು ಬೀಳುವುದಿಲ್ಲ, ಯಾಕೆಂದರೆ ನೂಲಿನ ಸಣ್ಣ ಸಂದಿಗಳು ಅದನ್ನು ಹಿಡಿದುಕೊಂಡಿವೆ. ಮಣ್ಣಿಗೂ ಅಂಥದ್ದೇ ಒಂದು ಅಂಚು ಇರುತ್ತದೆ. ಖಡಿ ಎಲ್ಲಿ ಶುರುವಾಗುತ್ತದೋ ಅಲ್ಲಿ. ನೀವು ಖಡಿಯನ್ನು ಮೇಲೆ ತಂದಷ್ಟೂ ಆ ಒದ್ದೆ ಅಂಚು ಬೇರಿಗೆ ಹತ್ತಿರ ಬರುತ್ತದೆ. ಹತ್ತು ಇಂಚು ಖಡಿ ಹಾಕಿಸಿ ನಾನು ಮಾಡಿದ ಕೆಲಸ ಅದು. ಪಪ್ಪಾಯಿಗೆ ಉಳಿದಿದ್ದ ಒಣ ಜಾಗವನ್ನೂ ಕಿತ್ತುಕೊಂಡೆ.

ಮಾಸ್ತರು ತಲೆಯಾಡಿಸಿದರು, ಪೂರಾ ಒಪ್ಪಲಿಲ್ಲ. ಮರುದಿನ ಅವರೇ ಎರಡು ಲೀಟರಿನ ಎರಡು ಪ್ಲಾಸ್ಟಿಕ್ ಬಾಟಲಿ ಕತ್ತರಿಸಿ, ತಳಕ್ಕೆ ತೂತು ಕೊರೆದು, ಒಂದರಲ್ಲಿ ಪೂರ್ತಿ ಕೆಂಪು ಮಣ್ಣು, ಇನ್ನೊಂದರಲ್ಲಿ ಅಡಿಗೆ ಮೂರು ಬೆರಳು ಖಡಿ ಹಾಕಿ ಮೇಲೆ ಅದೇ ಮಣ್ಣು ತುಂಬಿದರು. ಎರಡಕ್ಕೂ ಲೋಟದಲ್ಲಿ ಅಳೆದು ನೀರು ಹಾಕಿದರು. ಖಡಿ ಇದ್ದ ಬಾಟಲಿಯಲ್ಲಿ ಒದ್ದೆಯ ಗೆರೆ ಇಳಿಯುತ್ತಾ ಬಂದು ಖಡಿಯ ನೆತ್ತಿಯಲ್ಲಿ ನಿಂತಿತು. ಮೇಲಿಂದ ಇನ್ನೊಂದು ಲೋಟ ಹಾಕಿದರೂ ನಿಂತೇ ಇತ್ತು. ಗಡಿಯ ಮಣ್ಣು ಕಪ್ಪಾಗಿ, ಹೊಳಪು ಬಂದು, ಪೂರ್ತಿ ತುಂಬಿದ ಮೇಲೆ ಒಂದು ಹನಿ ಖಡಿಗೆ ಬಿತ್ತು. ತೊಟ್ಟಿಕ್ಕುವುದು ನಿಂತಾದ ಮೇಲೆ ಮಾಸ್ತರು ಖಡಿಯ ಮೇಲಿನ ಮಣ್ಣನ್ನು ಮುಷ್ಟಿಯಲ್ಲಿ ಹಿಂಡಿದರು. ಬೆರಳ ಸಂದಿಯಿಂದ ನೀರು ಸುರಿಯಿತು. ಖಡಿ ಮಾತ್ರ ಬರೀ ಒದ್ದೆ, ಅದರ ಸಂದಿಗಳಲ್ಲಿ ಗಾಳಿ.

ಇದೇನು ಹೊಸ ಶೋಧವಲ್ಲ. ಅಮೆರಿಕದ ವಾಷಿಂಗ್ಟನ್ ಸ್ಟೇಟ್ ಯೂನಿವರ್ಸಿಟಿಯಲ್ಲಿ ವಾಲ್ಟರ್ ಗಾರ್ಡ್ನರ್ ಎಂಬ ಮಣ್ಣಿನ ವಿಜ್ಞಾನಿ 1950ರ ದಶಕದ ಕೊನೆಯಲ್ಲೇ ಗಾಜಿನ ಗೋಡೆಯ ಪೆಟ್ಟಿಗೆಯಲ್ಲಿ ಪದರ ಮಣ್ಣು ತುಂಬಿ ಇದನ್ನು ತೋರಿಸಿದ್ದರು. ಗಾಲ್ಫ್ ಮೈದಾನ ಕಟ್ಟುವವರಿಗೂ ಇದು ಗೊತ್ತು. ಅಮೆರಿಕದ ಗಾಲ್ಫ್ ಸಂಸ್ಥೆ 1960ರಲ್ಲಿ ಹೊರತಂದ ಕ್ರಮದಲ್ಲಿ 4 ಇಂಚು ಜಲ್ಲಿಯ ಮೇಲೆ ಉಸುಕು ಹೆಚ್ಚಿರುವ ಮಿಶ್ರಣದ 12 ಇಂಚು ಪದರ ಬರುತ್ತದೆ. ಬರೀ ಉಸುಕಾದರೆ ನೀರು ಬೇಗ ಬಸಿದು ಹುಲ್ಲು ಒಣಗುತ್ತದೆ, ಕೆಳಗೆ ಜಲ್ಲಿ ಇದ್ದರೆ ಸ್ವಲ್ಪ ನೀರು ಉಸುಕಿನಲ್ಲೇ ನಿಲ್ಲುತ್ತದೆ. ನೀರು ತುಂಬಾ ಆದಾಗ ಜಲ್ಲಿ ಅದನ್ನು ಕೆಳಗಿನ ಪೈಪಿಗೆ ಬಿಡುತ್ತದೆ. ನಮ್ಮ ಗುಂಡಿಯಲ್ಲಿ ಆ ಪೈಪೂ ಇರಲಿಲ್ಲ.

ಪೇರಲದ ಗುಟ್ಟೂ ಆ ವಾರವೇ ಬಯಲಾಯಿತು. ಬುಡದ ಸುತ್ತ ಮೆಲ್ಲಗೆ ಕೆದರಿದರೆ ಬೇರುಗಳು ಗುಂಡಿಯ ಕೆಳಕ್ಕೆ ಇಳಿದೇ ಇರಲಿಲ್ಲ. ಮೇಲಿನ ಗೊಬ್ಬರ ಮಣ್ಣಿನಲ್ಲಿ ಅಡ್ಡ ಹರಿದು, ಗುಂಡಿಯ ಬಾಯಿ ದಾಟಿ, ಸುತ್ತಲಿನ ಎರೆಯ ಮೇಲಿನ ಅರ್ಧ ಅಡಿಯಲ್ಲಿ ಹಾಯಾಗಿ ಹಬ್ಬಿದ್ದವು. ಐದೂ ಗುಂಡಿಗಳಿಂದ ಎತ್ತಿದ ಮಣ್ಣಿನಲ್ಲಿ ಉಳಿದದ್ದನ್ನು ಕೂಲಿಯವರು ಸುಮ್ನೆ ಆ ಮೂಲೆಯಲ್ಲೇ ಸುರಿದಿದ್ದರಂತೆ, ಹಾಗಾಗಿ ಪೇರಲದ ಬುಡ ಮೊದಲೇ ದಿಬ್ಬದ ಮೇಲಿತ್ತು. ಪೇರಲ ಸ್ವಲ್ಪ ನೀರು ತಡೆಯುವ ಗಿಡ ಎಂಬುದೂ ಸೇರಿತು. ಮಾಸ್ತರು ಬೇಡವೆಂದ ಎರೆಮಣ್ಣಿನಲ್ಲೇ ಅದು ಬದುಕಿಕೊಂಡಿತ್ತು. ಉತ್ತರ ಒಂದು ವರ್ಷ ನಮ್ಮ ಕಣ್ಣೆದುರು ಚಿಗುರುತ್ತಿತ್ತು.

ಏನು ಮಾಡುವುದು ಎಂಬ ಚರ್ಚೆ

ಎರಡು ಸಂಜೆ ಕೂತು ಮಾತಾಡಿದೆವು. ಗುಂಡಿಯ ಅಡಿಯಿಂದ ಪೈಪ್ ಎಳೆದು ಗಟಾರಿಗೆ ಬಿಡಬಹುದಿತ್ತು. ಅಳೆದು ನೋಡಿದರೆ ಬೀದಿಯ ಗಟಾರು ಗುಂಡಿಯ ತಳಕ್ಕಿಂತ ಒಂದು ಅಡಿ ಎತ್ತರದಲ್ಲಿದೆ. ಆಯಿತು, ಅದು ಕೈಬಿಟ್ಟೆವು. ಎರೆ ತೂರಿ ಕೆಳಗೆ ಗರಸು ಸಿಗುವ ತನಕ ಕೊರೆಯುವ ಯೋಚನೆಯೂ ಬಂತು. ಮನೆಯ ಅಡಿಪಾಯ ತೋಡಿದಾಗ ಆರು ಅಡಿಗೂ ಎರೆಯೇ ಇತ್ತು ಎಂದು ಮಗ ಹೇಳಿದ. ಯಾರೋ ಜಿಪ್ಸಂ ಹಾಕಿ ಎಂದಿದ್ದರು. ಅದು ಸೋಡಿಯಂ ಹೆಚ್ಚಾದ ಸೌಳು ಮಣ್ಣಿಗೆ ಮದ್ದು. ಮಣ್ಣು ಪರೀಕ್ಷೆ ಮಾಡಿಸಿದಾಗ ಇಲ್ಲಿ ಆ ತೊಂದರೆ ಇರಲಿಲ್ಲ.

ಮಾಸ್ತರಿಗೆ ಒಂದು ಟ್ರ್ಯಾಕ್ಟರ್ ಉಸುಕು ತರಿಸಿ ಎರೆಗೆ ಬೆರೆಸುವ ಆಸೆ. ಇದಕ್ಕೆ ನಾನು ಗಟ್ಟಿಯಾಗಿ ಬೇಡ ಎಂದೆ. ಜೇಡಿಮಣ್ಣಿಗೆ ಸ್ವಲ್ಪ ಉಸುಕು ಬೆರೆಸಿದರೆ ಜೇಡಿ ಉಸುಕಿನ ಸಂದಿಗಳನ್ನೆಲ್ಲ ತುಂಬಿ ಗಾರೆಯಂತೆ ಗಟ್ಟಿಯಾಗುತ್ತದೆ. ನಿಜಕ್ಕೂ ಗುಣ ಬದಲಾಗಬೇಕೆಂದರೆ ಅರ್ಧಕ್ಕಿಂತ ಜಾಸ್ತಿ ಉಸುಕು ಬೇಕು. ಇಡೀ ಹಿತ್ತಲಿಗೆ ಅಷ್ಟು ಉಸುಕು ಯಾರ ಕೈಲಾಗುತ್ತದೆ?

ಆಗ ಮಾಸ್ತರ ಹೆಂಡತಿ ಒಳಗಿನಿಂದ ಚಹಾ ತರುತ್ತಾ ಹೇಳಿದರು: "ಇಷ್ಟ ಮಾತಾಡೂದಕ್ಕ ಬದ್ಲಿ ಅದರಾಗ ಕಮಲಾನರ ಹಚ್ರಿ." ಎಲ್ಲರೂ ನಕ್ಕೆವು. ಆದರೆ ಅವರ ಮಾತು ತಲೆಯಲ್ಲಿ ಉಳಿಯಿತು.

ಕೊನೆಗೆ ಗುಂಡಿಯನ್ನೇ ಬಿಟ್ಟು ದಿಬ್ಬ ಮಾಡುವುದೆಂದು ತೀರ್ಮಾನಿಸಿದೆವು. ಕೆಳಗೆ ಇಳಿಯಲಾರದ ನೀರನ್ನು ಪಕ್ಕಕ್ಕೆ ಹರಿಸುವುದು. ಹೈದರಾಬಾದ್ ಹತ್ತಿರ ಪಟಾನ್‌ಚೆರುವಿನ ಇಕ್ರಿಸ್ಯಾಟ್ ಎಂಬ ಕೃಷಿ ಸಂಶೋಧನಾ ಸಂಸ್ಥೆ ಎರೆಹೊಲಗಳಿಗೆ ಅಗಲ ಮಡಿ, ನಡುವೆ ಕಾಲುವೆ ಎಂಬ ಕ್ರಮ ಹೇಳಿಕೊಟ್ಟಿದ್ದೂ ಇದೇ ತತ್ವದ ಮೇಲೆ.

ಇಲ್ಲೂ ಒಂದು ಬಲೆ ಇತ್ತು, ಅದರಲ್ಲಿ ಬೀಳುವವರಿದ್ದೆವು. ಎರೆಯ ಮೇಲೆ ಕೆಂಪು ಮಣ್ಣಿನ ದಿಬ್ಬ ಸುರಿದರೆ ಮತ್ತೆ ಎರಡು ಮಣ್ಣಿನ ನಡುವೆ ಚೂಪಾದ ಗಡಿ ಬರುತ್ತದೆ. ಮಾಸ್ತರೇ ಮೊದಲು ಕೇಳಿದರು: "ಮತ್ತ ಧೋತರದ ಅಂಚು ಬಂತಲ್ರಿ?" ಖುಷಿಯಾಯಿತು. ಆ ಗೆರೆಯನ್ನು ಅಳಿಸಬೇಕಿತ್ತು.

2023ರ ಜನವರಿ ಕೊನೆಗೆ, ಎರೆ ಹದವಾಗಿದ್ದಾಗ, ಅಂದರೆ ಹೆಂಟೆ ಕೈಯಲ್ಲಿ ಒತ್ತಿದರೆ ಪುಡಿಯಾಗುವಂತಿದ್ದಾಗ, ಕೆಲಸ ಶುರುಮಾಡಿದೆವು. ಪೇರಲದ್ದು ಬಿಟ್ಟು ಉಳಿದ ನಾಲ್ಕು ಗುಂಡಿಗಳಲ್ಲಿ ಪಪ್ಪಾಯಿಯದನ್ನು ಹಾಗೇ ಉಳಿಸಿ, ಮೂರರ ಖಡಿ, ಉಸುಕು ತೆಗೆಸಿ, ಎರೆಯನ್ನೇ ಮರಳಿ ತುಂಬಿದೆವು. ದಿಬ್ಬ ಬರುವ ಜಾಗದಲ್ಲಿ ಮೇಲಿನ 8 ಇಂಚು ಎರೆಯನ್ನು ಕೆದರಿ ಗೊಬ್ಬರ ಬೆರೆಸಿದೆವು. ಅದರ ಮೇಲೆ ಗುಂಡಿಯಿಂದ ತೆಗೆದ ಕೆಂಪು ಮಣ್ಣು, ಎರೆ ಅರ್ಧಕ್ಕರ್ಧ ಕಲಸಿ ಸುರಿದು, ಸಲಿಕೆಯಿಂದ ಕೆಳಗಿನದಕ್ಕೆ ಹೆಣೆದ ಹಾಗೆ ಬೆರೆಸಿದೆವು. ಎಲ್ಲಿಂದ ಎರೆ ಮುಗಿದು ಎಲ್ಲಿಂದ ಮಿಶ್ರಣ ಶುರು ಎಂದು ಬೆರಳಿಟ್ಟು ತೋರಿಸಲಾಗದ ಹಾಗೆ. ದಿಬ್ಬದ ಎತ್ತರ 14 ಇಂಚು, ಬುಡದಲ್ಲಿ ಆರು ಅಡಿ ಅಗಲ. ನಡುವೆ ಒಂದು ಗೇಣು ಆಳದ ಕಾಲುವೆ, ಬೀದಿ ಕಡೆಗೆ ಇಳಿಜಾರು.

ತೆಗೆದ ಖಡಿ ಎಲ್ಲಿಗೆ ಹೋಯಿತು? ಕಾಕಾ ಹೇಳಿದ ಜಾಗಕ್ಕೆ. ದಿಬ್ಬದ ಮೇಲೆ ಎರಡು ಇಂಚು ಹರಡಿದೆವು, ಕಾಂಡಕ್ಕೆ ತಾಗದಂತೆ ಒಂದು ಗೇಣು ಬಿಟ್ಟು.

ಏನಾಯಿತು

ಆಪೂಸನ್ನು ದಿಬ್ಬಕ್ಕೆ ಸರಿಸಿದ್ದು ನನ್ನ ಆತುರ. ಸೊರಗಿದ ಗಿಡ ಬೇರು ಕಿತ್ತುಕೊಂಡು ಬೇಸಿಗೆಗೆ ಬಿತ್ತು, ಏಪ್ರಿಲ್‌ನಲ್ಲಿ ಒಣಗಿತು. ಹೊಸದನ್ನೇ ತರಬೇಕಿತ್ತು. ಲಿಂಬೆ, ಕರಿಬೇವು ಎರಡೂ ಹೊಸ ಸಸಿ.

ಮಳೆಗಾಲದ ಹಾದಿ ಕಾದೆವು. ಮಳೆ ಕೈಕೊಟ್ಟಿತು. 2023 ಬರದ ವರ್ಷ, ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಸರ್ಕಾರ ಘೋಷಿಸಿತ್ತು. ಗಿಡಗಳು ಚೆನ್ನಾಗಿದ್ದವು. ಮಾಸ್ತರು ಫೋಟೋ ಕಳಿಸಿ ಧನ್ಯವಾದ ಹೇಳಿದರು. ಆ ಧನ್ಯವಾದ ನನಗೆ ಸಲ್ಲಬೇಕಾದ್ದಲ್ಲ. ಆ ವರ್ಷ ಹಳೇ ಗುಂಡಿಯಲ್ಲಿದ್ದರೂ ಅವು ಬದುಕುತ್ತಿದ್ದವು. ಇಂಥ ಹೊತ್ತಿನಲ್ಲಿ ಗೆದ್ದೆವು ಅಂತ ಬರೆದುಬಿಡುವವರು ಬಹಳ ಮಂದಿ.

ಬರ ಇನ್ನೊಂದು ಕೊರತೆಯನ್ನು ತೋರಿಸಿತು. ದಿಬ್ಬ ಬೇಗ ಒಣಗುತ್ತದೆ. ಮಾರ್ಚ್ ಏಪ್ರಿಲ್‌ನಲ್ಲಿ ದಿನ ಬಿಟ್ಟು ದಿನ ನೀರು ಬೇಕಾಯಿತು. ಖಡಿ ಹೊದಿಸಿದ ದಿಬ್ಬಕ್ಕೂ ಇಷ್ಟು. ಒಂದು ಬದಿಯಲ್ಲಿ ಖಡಿ ಸಾಲದೆ ಬಿಟ್ಟಿದ್ದ ಜಾಗ ಇನ್ನೂ ಬೇಗ ಬಿರಿಯಿತು.

ನಿಜವಾದ ಪರೀಕ್ಷೆ 2024ರ ಜುಲೈ. ಒಳ್ಳೆ ಮಳೆ. ಹಾಗೇ ಉಳಿಸಿದ್ದ ಪಪ್ಪಾಯಿ ಗುಂಡಿಯ ಪೈಪಿಗೆ ಕೋಲು ಬಿಟ್ಟರೆ 13 ಇಂಚು ನೀರು. ಲಿಂಬೆ ದಿಬ್ಬದ ಪೈಪಿನಲ್ಲಿ ಮೇಲಿನ ಒಂದು ಅಡಿಯೊಳಗೆ ನೀರಿಲ್ಲ. ಅದೇ ಮಳೆ, ನಡುವೆ ಹತ್ತು ಅಡಿ ದೂರ. ಲಿಂಬೆ ಎಲೆ ಹಸಿರಾಗೇ ಉಳಿಯಿತು. ಮರುವರ್ಷ ಬೇಸಿಗೆಗೆ ಹೂವಾಯಿತು.

ಕರಿಬೇವಿನ ಒಂದು ಪಕ್ಕ ಮತ್ತೆ ಹಳದಿಯಾಯಿತು. ಹೋಗಿ ನೋಡಿದರೆ ದಿಬ್ಬ ನಾಲ್ಕು ಇಂಚು ಕುಸಿದಿತ್ತು. ಗೊಬ್ಬರ ಕರಗಿದಂತೆ ಕುಸಿಯುವುದು ಸಹಜ, ನಾನು ಅದಕ್ಕೆ ಲೆಕ್ಕ ಇಟ್ಟಿರಲಿಲ್ಲ. ಕುಸಿದ ಬದಿಗೆ ಛಾವಣಿಯ ನೀರಿನ ಪೈಪ್ ಬೇರೆ ಬೀಳುತ್ತಿತ್ತು. ಪೈಪ್ ತಿರುಗಿಸಿ, ನಾಲ್ಕು ಬುಟ್ಟಿ ಮಿಶ್ರಣ ಏರಿಸಿದೆವು. ಈಗ ಪರವಾಗಿಲ್ಲ.

ಮಹಡಿಯ ಕುಂಡಗಳು

ಇದನ್ನೆಲ್ಲ ನೋಡುತ್ತಿದ್ದ ಸೊಸೆ ಮಹಡಿ ಮೇಲಿನ ತನ್ನ 14 ಕುಂಡಗಳ ಬಗ್ಗೆ ಕೇಳಿದಳು. ಎಲ್ಲದರ ಅಡಿಗೂ ಮೂರು ಇಂಚು ಖಡಿ ಹಾಕಿದ್ದಳು, ಎಲ್ಲರೂ ಹಾಕುವ ಹಾಗೆ. ಅವಳ ಬುದ್ಧಿ ಮೆಚ್ಚಬೇಕು. ಏಳರಲ್ಲಿ ಮಾತ್ರ ಖಡಿ ತೆಗೆದಳು, ಏಳನ್ನು ಹಾಗೇ ಬಿಟ್ಟಳು. ತೂತಿಗೆ ಹಳೇ ನೆರಳುಬಲೆಯ ತುಂಡು, ಮೇಲಿಂದ ಕೆಳತನಕ ಒಂದೇ ಮಿಶ್ರಣ. ಮಳೆಗಾಲ ಕಳೆದ ಮೇಲೆ ಎರಡು ಥರದ್ದರಲ್ಲಿ ಒಂದೊಂದು ಮಲ್ಲಿಗೆ ಕುಂಡ ಕವುಚಿ ನೋಡಿದೆವು. ಖಡಿ ಇದ್ದುದರಲ್ಲಿ ಬೇರು ಖಡಿಗಿಂತ ಎರಡು ಬೆರಳು ಮೇಲೆಯೇ ನಿಂತಿದ್ದವು, ತುದಿ ಕಂದು. ಖಡಿ ಇಲ್ಲದ್ದರಲ್ಲಿ ಬಿಳಿ ಬೇರು ಹೆಚ್ಚು ಕೆಳಕ್ಕೆ ಇಳಿದಿದ್ದವು. ತಳದ ಒದ್ದೆ ಪಟ್ಟಿ ಎರಡರಲ್ಲೂ ಇರುತ್ತದೆ, ಅದು ತಪ್ಪುವುದಿಲ್ಲ. ಖಡಿ ಹಾಕಿದಾಗ ಅದು ಮೂರು ಇಂಚು ಮೇಲಕ್ಕೆ ಬಂದು ಕೂರುತ್ತದೆ. ಗಿಡ್ಡ ಕುಂಡಕ್ಕೆ ಈ ಮೂರು ಇಂಚು ಬಹಳ ದುಬಾರಿ.

ಈಗ ನಾನು ಫೋನ್ ಮೇಲೆ ಸಲಹೆ ಕೊಡುವುದಿಲ್ಲ. ಮೊದಲು ಒಂದು ಅಡಿ ತೂತು ತೋಡಿ, ನೀರು ತುಂಬಿ, ಬೆಳಿಗ್ಗೆ ಎಷ್ಟು ಇಳಿದಿದೆ ಹೇಳಿ ಎನ್ನುತ್ತೇನೆ. ಅರ್ಧ ಮಂದಿ ಮತ್ತೆ ಫೋನ್ ಮಾಡುವುದೇ ಇಲ್ಲ.

ಪಪ್ಪಾಯಿ ಗುಂಡಿ ಇನ್ನೂ ಹಾಗೇ ಇದೆ, ಅಡಿಗೆ ನನ್ನ ಹತ್ತು ಇಂಚು ಖಡಿ ಸಮೇತ. ಅತ್ತೆಯ ಕಮಲದ ಮಾತು ಕೇಳಿ ಸೊಸೆ ಅದರಲ್ಲಿ ಕೆಸು ಹಚ್ಚಿದ್ದಾಳೆ. ಅವಳ ತವರು ಶಿರಸಿ ಕಡೆ. ಕೆಸುವಿಗೆ ಕೆಸರು ಆಗಿಬರುತ್ತದೆ. ಹೋದ ಆಗಸ್ಟ್‌ನಲ್ಲಿ ಎಲೆಗಳು ಮೊರದಷ್ಟು ಅಗಲ ಆಗಿದ್ದವು. ಆ ದಿನ ಪತ್ರೊಡೆ ಮಾಡಿದ್ದಳು. ಮಾಸ್ತರು ಎರಡು ತುಂಡು ತಿಂದು, ಬಾಯಿ ಕೆರೆಯಲಿಲ್ಲ ಅಂತ ಖಾತ್ರಿ ಮಾಡಿಕೊಂಡು, ಮೂರನೆಯದಕ್ಕೆ ತಟ್ಟೆ ಮುಂದೆ ಮಾಡಿದರು.